ಮುಳಿಯರ ಪಂಪ: ಒಲವಿನ ಓದು ಮತ್ತು ಅದರ ಎಲ್ಲೆ

ದಿವಂಗತ ಮುಳಿಯ ತಿಮ್ಮಪ್ಪಯ್ಯನವರ ‘ನಾಡೋಜ ಪಂಪ’ 1938ರಲ್ಲಿ ಪ್ರಕಟವಾಯಿತು. ಇಂದು ಆ ಗ್ರಂಥವನ್ನು ಆಮೂಲಾಗ್ರವಾಗಿ ಓದುವವರು ವಿರಳ. ಅದರ ಶಿರೋನಾಮೆಯಲ್ಲಿನ ‘ನಾಡೋಜ’ ಶಬ್ದವನ್ನು ಮಾತ್ರ ಅರಿಯದವರಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1995ರಿಂದ ನೀಡುತ್ತ ಬಂದಿರುವ ಗೌರವ ಪದವಿಗೆ ಅದೇ ಹೆಸರು. ಒಬ್ಬ ಓದುಗನು ತನ್ನ ಕವಿಯನ್ನು ಕರೆದ ಹೆಸರು ನಾಡಿನ ನಾಲಗೆಯಲ್ಲಿ ನಿಂತಿತು, ಆ ಓದುಗನ ಓದು ಮರೆಯಾಯಿತು. ಈ ಓದಿನ ಸತ್ತ್ವವೇನು, ಅದರ ದೌರ್ಬಲ್ಯವೇನು ಎಂಬುದು ವಿಚಾರಾರ್ಹವಾದ ವಿಷಯ.

ಮುಳಿಯರು (1888–1950) ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನ ವಿಟ್ಲದ ಆಸುಪಾಸಿನಲ್ಲಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದ ಅವರು 1931ರಲ್ಲಿ ಕಾರವಾರದಲ್ಲಿ ನೆರೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ‘ಪಂಪಭಾರತ’ವೂ ಹೊರಬಂದಿತು. ಅದಕ್ಕೆ ಮೊದಲು ಇದ್ದದ್ದು 1898ರ ರೈಸ್ ಸಾಹೇಬರ ಮುದ್ರಣ.

ತುಳು ಆಡುವ ನೆಲದಲ್ಲಿ ಹಳಗನ್ನಡದ ಆದಿಕವಿಗೆ ಇಂತಹ ಒಕ್ಕಲು ದೊರೆತುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಆ ಸೀಮೆಯ ಹವ್ಯಕರ ಮನೆಮಾತಿನಲ್ಲಿ ‘ಎನಗೆ’, ‘ಅಪ್ಪು’ ಮುಂತಾದ ರೂಪಗಳು ಈಗಲೂ ಜೀವಂತವಾಗಿವೆ. ವಚನಗಳ ‘ಎನಗೆ’, ‘ಎನ್ನ’ಗಳನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಜೈನ ಪರಂಪರೆಯೂ ಅಲ್ಲಿ ಪುಸ್ತಕದೊಳಗಿನ ಸಂಗತಿಯಲ್ಲ. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿಯೂ ತಾಳೆಯೋಲೆಯ ಭಂಡಾರವೂ ಇವೆ; ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ನಿಂತ ಬಾಹುಬಲಿಯಿದ್ದಾನೆ. ‘ಆದಿಪುರಾಣ’ದಲ್ಲಿ ಅಣ್ಣತಮ್ಮಂದಿರ ಕಾಳಗವನ್ನೂ ಗೆದ್ದವನ ವೈರಾಗ್ಯವನ್ನೂ ಓದಿದವನಿಗೆ ಆ ಕಥೆ ಪರಮತದ ಕಥೆಯಾಗಿ ತೋರದಿರುವ ವಾತಾವರಣವಿದು. ಇನ್ನು ಭಾರತದ ಕಥೆಯೋ, ಕರ್ಣಾರ್ಜುನರು ಬಯಲಾಟದ ರಂಗಸ್ಥಳದಲ್ಲಿ ಇರುಳಿಡೀ ವಾದಿಸುವ ಊರುಗಳವು.

ಮುಳಿಯರ ಓದಿನ ಮೂಲಸೂತ್ರ ಒಂದೇ: ಕಾವ್ಯದ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೊಂದು ಊರು, ಒಬ್ಬ ಒಡೆಯ, ಒಂದು ಕಾಲ ಉಂಟು. ಪಂಪನು ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನೆಂಬುದು ಕವಿಯೇ ಒಪ್ಪಿದ ಮಾತು. ಗೊಜ್ಜಿಗನಿಗೆ ಅಂಜದೆ ಅರಿಕೇಸರಿಯು ಶರಣಾಗತನಾದ ಬಿಜ್ಜನನ್ನು ಕಾಪಾಡಿದ ಸಂಗತಿಯೂ ಕಾವ್ಯದಲ್ಲಿಯೇ ಇದೆ. ಮುಳಿಯರು ಇಷ್ಟಕ್ಕೆ ತೃಪ್ತರಾಗದೆ ಮುಂದುವರಿದು ಕಥಾಭಾಗದೊಳಗೂ ಇತಿಹಾಸವನ್ನು ಅರಸಿದರು. ಪ್ರೀತಿಸಿದವನ ಬದುಕಿನ ಒಂದು ಚೂರೂ ಕೈತಪ್ಪಬಾರದೆಂಬ ಹಂಬಲ ಅದು. ಅವರ ಊಹೆಗಳೆಲ್ಲವೂ ಬಳಿಕದ ವಿದ್ವಾಂಸರಿಗೆ ಸಮ್ಮತವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಸಮೀಕರಣದ ಸೂತ್ರವು ಕರ್ಣನ ಬಳಿಗೆ ಬಂದಾಗ ಹರಿದುಹೋಗುತ್ತದೆ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿಸಿ, ಕೊನೆಯಲ್ಲಿ ಸುಭದ್ರೆಯೊಡನೆ ಅರ್ಜುನನಿಗೇ ಪಟ್ಟಕಟ್ಟಿದ ಕವಿಯು ಒಡೆಯನ ಋಣವನ್ನು ಸಂದಾಯ ಮಾಡಿದ್ದಾನೆ, ನಿಜ. ಆದರೆ ಹುಟ್ಟಿನ ಗುಟ್ಟನ್ನು ಅರಿತ ಮೇಲೂ ಅನ್ನವಿಕ್ಕಿದ ದೊರೆಯನ್ನು ಬಿಡದ ಕರ್ಣನಿಗೆ ಅರಿಕೇಸರಿಯ ಆಸ್ಥಾನದಲ್ಲಿ ಯಾವ ಪ್ರತಿರೂಪವನ್ನು ತೋರಿಸಲಾದೀತು? ಕವಿಯ ಹೃದಯವು ಒಲಿದುದು ಅವನಿಗೆ. ಇತಿಹಾಸದ ಬೀಗದಕೈ ಈ ಬಾಗಿಲನ್ನು ತೆರೆಯದು. ಪಂಪನ ಕಾವ್ಯದ ಅತ್ಯುನ್ನತ ಭಾಗಗಳು ಇರುವುದು ಈ ಬಾಗಿಲಿನ ಆಚೆ.

ಈ ದೋಷವು ಮುಳಿಯರೊಬ್ಬರದಲ್ಲ. ಶೂನ್ಯಸಂಪಾದನೆಯ ಸಂಕಲನಕಾರರು ಬಿಡಿ ವಚನಗಳನ್ನು ಸಂವಾದವಾಗಿ ಹೆಣೆದು ಶರಣರ ಜೀವನಪ್ರಸಂಗಗಳನ್ನು ಕಣ್ಮುಂದೆ ನಿಲ್ಲಿಸಿದರು. ಆ ಪ್ರತಿಭೆ ಅಸಾಧಾರಣವಾದುದು. ಅಲ್ಲಿನ ಸಂದರ್ಭವನ್ನೇ ಚರಿತ್ರೆಯೆಂದು ಭಾವಿಸಿ, ಅಕ್ಕನ ಇಂತಹ ವಚನ ಇಂತಹ ಕ್ಷಣದಲ್ಲಿಯೇ ಹೊರಟಿತೆಂದು ಸಾಧಿಸಹೊರಡುವ ವಿದ್ಯಾರ್ಥಿಯು ಮುಳಿಯರನ್ನು ನೋಡಿ ನಗುವ ಹಾಗಿಲ್ಲ. ಮುಳಿಯರು ತಾವು ಊಹೆಗೆ ಇಳಿದಾಗಲೂ ಪಠ್ಯದ ಕೈಬಿಟ್ಟವರಲ್ಲ. ಪ್ರತಿಯೊಂದು ಊಹೆಗೂ ಕಾವ್ಯದೊಳಗೆ ಆಧಾರವನ್ನು ಹುಡುಕಿದರು. ಅನುಮಾನ ತಪ್ಪಿದರೂ ಆ ಹುಡುಕಾಟದಲ್ಲಿ ಪದ್ಯಗಳು ಬೆಳಗಿದವು. ಇಂದಿನ ಅನೇಕ ಪ್ರಬಂಧಗಳಲ್ಲಿ ಅನುಮಾನಗಳೆಲ್ಲ ಸರಿಯಾಗಿಯೇ ಇರುತ್ತವೆ, ಪದ್ಯಗಳೇ ಕಾಣಸಿಗುವುದಿಲ್ಲ!

‘ಕವಿರಾಜಮಾರ್ಗ ವಿವೇಕ’ದಲ್ಲಿ ಮುಳಿಯರು ಲಕ್ಷಣಗ್ರಂಥದೆಡೆಗೆ ತಿರುಗಿದರು. ‘ಪಾರ್ತಿಸುಬ್ಬ’ದಲ್ಲಿ ಮತ್ತೆ ಅದೇ ಸೂತ್ರ: ಯಕ್ಷಗಾನ ರಾಮಾಯಣದ ಪ್ರಸಂಗಗಳ ಹಿಂದೆ ಕುಂಬಳೆ ಸೀಮೆಯ ಒಬ್ಬ ಕವಿಯನ್ನು ಗುರುತಿಸುವ ಶ್ರಮ. ಆ ಕರ್ತೃತ್ವದ ಚರ್ಚೆ ಕರಾವಳಿಯ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು.

ಮುಳಿಯರು ಕಾಣದೆ ಹೋದ ಒಂದು ಆಕರವನ್ನು ಇಲ್ಲಿ ನೆನೆಯಬೇಕು. ಅವರ ನಿಧನಾನಂತರ, ತೆಲಂಗಾಣದ ಗಂಗಾಧರಂ ಬಳಿಯ ಕುರ್ಕ್ಯಾಲದ ಬಂಡೆಯ ಮೇಲಿನ ಶಾಸನವು ಕನ್ನಡ ವಿದ್ವಾಂಸರ ಗಮನಕ್ಕೆ ಬಂದಿತು. ಅದನ್ನು ಬರೆಯಿಸಿದವನು ಪಂಪನ ತಮ್ಮ ಜಿನವಲ್ಲಭ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳ ಆ ಬರಹದಲ್ಲಿ ಅಣ್ಣನ ಕೀರ್ತಿ, ಅರಿಕೇಸರಿಯ ದತ್ತಿ, ವಂಶದ ವಿವರಗಳಿವೆ. ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳೆಂಬ ಮಾತೂ ಇದೆ. ತಾಯಿಯ ಹೆಸರು, ತಮ್ಮನ ಹೆಸರು, ತಾಯಿಯ ಅಜ್ಜನ ಊರು ಇವೆಲ್ಲವೂ ಮುಳಿಯರು ಕಾವ್ಯದ ಸಾಲುಗಳ ನಡುವೆ ಬಾಳಿನುದ್ದಕ್ಕೂ ಅರಸಿದ ಬಗೆಯ ಸಂಗತಿಗಳು. ‘ನಾಡೋಜ ಪಂಪ’ವನ್ನು ಇಂದು ಓದುವ ವಿದ್ಯಾರ್ಥಿಯು ಈ ಶಾಸನಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಪುಟ ತಿರುವಿದರೆ, ಎಲ್ಲಿ ಒಲವು ಕಂಡಿತು, ಎಲ್ಲಿ ಕಲ್ಪಿಸಿತು ಎಂಬುದನ್ನು ತಾನೇ ಗುರುತಿಸಿಕೊಳ್ಳಬಹುದು.