ಬೇಲೀಫ್ ಒಕ್ಕಲುಮನೆ: ಪುನರ್ನಿರ್ಮಾಣದ ವಿಮರ್ಶೆ

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ಚಿಡಿಂಗ್‌ಸ್ಟೋನ್ ಗ್ರಾಮದ ಬಳಿ ಇದ್ದ ಬೇಲೀಫ್ ಒಕ್ಕಲುಮನೆಯು ಮರದ ಚೌಕಟ್ಟಿನ ವಾಸ್ತುವಿಗೆ ಉತ್ತಮ ನಿದರ್ಶನ. ಇದರ ನಡುಮನೆ 15ನೆಯ ಶತಮಾನದ ಆರಂಭದ್ದು. ಯಜಮಾನನ ಕೋಣೆಗಳಿರುವ ಪಾರ್ಶ್ವವು 16ನೆಯ ಶತಮಾನದ ಆರಂಭದಲ್ಲಿ ಸೇರಿತು. ಬೋ ಬೀಚ್ ಜಲಾಶಯದ ನಿರ್ಮಾಣದಿಂದ ನೆಲೆ ಕಳೆದುಕೊಳ್ಳಲಿದ್ದ ಈ ಮನೆಯನ್ನು 1968-69ರಲ್ಲಿ ಬಿಚ್ಚಿ, ಮುಂದೆ ಸಸೆಕ್ಸ್ ಪ್ರಾಂತದ ಸಿಂಗಲ್ಟನ್ ಗ್ರಾಮದ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಲಾಯಿತು.

ಹೀಗೆ ಬಿಚ್ಚಿ ಕಟ್ಟಲು ಸಾಧ್ಯವಾದುದು ಅದರ ರಚನಾಕ್ರಮದಿಂದಲೇ. ಓಕ್ ಮರದ ಕಂಬ ತೊಲೆಗಳನ್ನು ಒಂದರ ಗುಳಿಯಲ್ಲಿ ಇನ್ನೊಂದರ ತುದಿ ಕೂರುವಂತೆ ಕೊರೆದು, ಮರದ ಬೆಣೆ ಬಡಿದು ಬಿಗಿಯುತ್ತಿದ್ದರು. ಮನೆಯ ಭಾರವನ್ನೆಲ್ಲ ಈ ಚೌಕಟ್ಟೇ ಹೊರುತ್ತದೆ. ಹೆಣೆದ ಕಡ್ಡಿಗೆ ಮಣ್ಣು ಮೆತ್ತಿದ ಗೋಡೆ ಕೇವಲ ಮರೆ. ಎರಡು ಅಂಕಣಗಳ ನಡುಮನೆಗೆ ಅಟ್ಟವಿರಲಿಲ್ಲ. ನೆಲದ ನಡುವೆ ಉರಿಯುತ್ತಿದ್ದ ಬೆಂಕಿಯ ಹೊಗೆ ಮಾಡಿನವರೆಗೆ ಏರಿ ಅಲ್ಲಿನ ಮರವನ್ನು ಕಪ್ಪಾಗಿಸುತ್ತಿತ್ತು.

17ನೆಯ ಶತಮಾನದಲ್ಲಿ ಈ ನಡುಮನೆಗೆ ಇಟ್ಟಿಗೆಯ ಹೊಗೆಗೂಡೂ ಅಟ್ಟವೂ ಬಂದವು. ಆದರೆ ಪುನರ್ನಿರ್ಮಾಣದಲ್ಲಿ ಅವನ್ನು ಕೈಬಿಟ್ಟು, ಮನೆಯನ್ನು ಸುಮಾರು 1540ರ ಸ್ಥಿತಿಗೆ ಅಳವಡಿಸಿ ಸಜ್ಜುಗೊಳಿಸಲಾಗಿದೆ. ವಿಚಾರಣೀಯವಾದ ಅಂಶ ಇದೇ. ಮಸಿ ಹಿಡಿದ ಮರಗಳೂ ಬರಿದಾದ ಗುಳಿಗಳೂ ಹಳೆಯ ರೂಪಕ್ಕೆ ಸಾಕ್ಷಿ ನುಡಿಯುತ್ತವೆ. ವಿದ್ಯಾರ್ಥಿಗೆ ತೆರೆದ ನಡುಮನೆಯ ಪ್ರತ್ಯಕ್ಷ ದರ್ಶನ ಅಮೂಲ್ಯ. ಇದನ್ನು ಅಲ್ಲಗಳೆಯಲಾಗದು.

ಆದರೂ ಹೊಗೆಗೂಡು ಮೂಲಕ್ಕೆ ಅಂಟಿದ ಕೊಳೆಯಲ್ಲ. 1570ರಿಂದ 1640ರವರೆಗೆ ಇಂಗ್ಲೆಂಡಿನ ಗ್ರಾಮಾಂತರ ಗೃಹಗಳು ವ್ಯಾಪಕವಾಗಿ ಪುನರ್ನಿರ್ಮಾಣಗೊಂಡವೆಂದು ಡಬ್ಲ್ಯು. ಜಿ. ಹೊಸ್ಕಿನ್ಸ್ 1953ರಲ್ಲಿ ಪ್ರತಿಪಾದಿಸಿದರು. ಅವರ ಕಾಲಗಣನೆಯನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ, ಬದಲಾವಣೆಯ ಮಹತ್ತ್ವವನ್ನಲ್ಲ. ಹೊಗೆಗೆ ದಾರಿಯಾದ ಮೇಲೆಯೇ ನಡುಮನೆಗೆ ಅಟ್ಟ ಹಾಕುವುದು ಸುಲಭವಾಯಿತು. ಒಂದೇ ಬೆಂಕಿಯ ಸುತ್ತ ಕೂಡುತ್ತಿದ್ದ ಮನೆವಾರ್ತೆಯ ಜನ ಬೇರೆ ಬೇರೆ ಕೋಣೆಗಳಿಗೆ ಹಂಚಿಹೋದರು. ಹೊಗೆಗೂಡನ್ನು ತೆಗೆದರೆ ಈ ಪರಿವರ್ತನೆಯ ದಾಖಲೆಯನ್ನೇ ಕಟ್ಟಡದಿಂದ ಅಳಿಸಿದಂತೆ.

ಆದುದರಿಂದ ಸಿಂಗಲ್ಟನ್ನಿನಲ್ಲಿ ನಾವು ಕಾಣುವುದು 1540ರ ಒಂದು ಪ್ರಾಮಾಣಿಕ ಮಾದರಿಯನ್ನು. ಐದು ಶತಮಾನಗಳಿಗೂ ಮಿಕ್ಕಿ ಒಂದೇ ನೆಲದಲ್ಲಿ ನಿಂತು, ಜನರೊಡನೆ ಮಾರ್ಪಟ್ಟ ಬೇಲೀಫನ್ನಲ್ಲ. ಹಳೆಯ ಮನೆಯ ಅವನತಿ ಯಾವಾಗಲೂ ಗೆದ್ದಲಿನಿಂದಲೋ ಮಳೆಯಿಂದಲೋ ಆಗುವುದಿಲ್ಲ. ಅದರ ಒಂದು ಕಾಲವನ್ನು ಆರಿಸಿಕೊಂಡು ಉಳಿದ ಕಾಲಗಳನ್ನು ತೊರೆಯುವುದರಿಂದಲೂ ಆಗುತ್ತದೆ. ಇತಿಹಾಸದ ಅಭ್ಯಾಸಿಗಳು ಪುನರ್ನಿರ್ಮಿತ ಕಟ್ಟಡವನ್ನು ಕಂಡಾಗ, ಅಲ್ಲಿ ಇರುವುದರೊಡನೆ ಅಲ್ಲಿಂದ ತೆಗೆದುದನ್ನೂ ವಿಚಾರಿಸುವುದು ಕರ್ತವ್ಯ.