ಸುವರ್ಣಸಂಧಿ ಮತ್ತು ಕಪಾಲಸಂಧಿ: ಕೇನ್ಸರ ಗ್ರಂಥವೊಂದರ ವಿಮರ್ಶೆ

'ದಿ ಎಕನಾಮಿಕ್ ಕಾನ್ಸಿಕ್ವೆನ್ಸಸ್ ಆಫ್ ದಿ ಪೀಸ್', ಎಂದರೆ ಶಾಂತಿಯ ಆರ್ಥಿಕ ಪರಿಣಾಮಗಳು, ಎಂಬ ಗ್ರಂಥವು 1919ನೆಯ ಇಸವಿ ಡಿಸೆಂಬರ್ ತಿಂಗಳಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ರಚಿಸಿದ ಜಾನ್ ಮೇನಾರ್ಡ್ ಕೇನ್ಸರಿಗೆ ಆಗ ವಯಸ್ಸು ಮೂವತ್ತಾರು. ಬ್ರಿಟಿಷ್ ಸರ್ಕಾರದ ಬೊಕ್ಕಸದ ಇಲಾಖೆಯಲ್ಲಿ 1915ರಿಂದ ಯುದ್ಧಕಾಲದ ಸಾಲಸೋಲಗಳ ವ್ಯವಹಾರವನ್ನು ಕಣ್ಣಾರೆ ಕಂಡು ಕೈಯಾರೆ ನಡೆಸಿದವರು ಇವರು. ಪ್ಯಾರಿಸ್ಸಿನಲ್ಲಿ ಸೇರಿದ ಸಂಧಾನಸಭೆಗೆ ಆ ಇಲಾಖೆಯ ಮುಖ್ಯ ಪ್ರತಿನಿಧಿಗಳಾಗಿ ಹೋಗಿ, ಅಲ್ಲಿ ಸಿದ್ಧವಾಗುತ್ತಿದ್ದ ಕರಾರುಗಳನ್ನು ಸಹಿಸಲಾರದೆ 1919ರ ಜೂನಿನಲ್ಲಿ ಅಧಿಕಾರವನ್ನು ಬಿಟ್ಟು ಬಂದು, ಆ ಬೇಸಗೆಯಲ್ಲೇ ಗ್ರಂಥವನ್ನು ಬರೆದರು. ಕೆಲವೇ ತಿಂಗಳುಗಳಲ್ಲಿ ಲಕ್ಷದ ಸಮೀಪಕ್ಕೆ ಪ್ರತಿಗಳು ಮಾರಾಟವಾದುವು. ಅನೇಕ ಭಾಷೆಗಳಿಗೆ ಅನುವಾದವಾಯಿತು. ಲೆಕ್ಕದ ಪುಸ್ತಕವೊಂದಕ್ಕೆ ಕಾದಂಬರಿಗೆ ದೊರೆಯುವ ಆದರವು ದೊರೆಯಿತೆಂದರೆ ಅದರ ಕಾರಣವನ್ನು ವಿಚಾರಿಸುವುದು ವಿಮರ್ಶಕನ ಕರ್ತವ್ಯವೇ ಸರಿ.

ಕಾರಣವು ಮೂರನೆಯ ಅಧ್ಯಾಯದಲ್ಲಿದೆ. ಏಳು ಅಧ್ಯಾಯಗಳ ಈ ಗ್ರಂಥದಲ್ಲಿ ಅದೊಂದು ಚಿತ್ರಶಾಲೆ. ಫ್ರಾನ್ಸಿನ ವೃದ್ಧ ಮಂತ್ರಿ ಕ್ಲೆಮಾಂಸೋ ಬೂದುಬಣ್ಣದ ಕೈಚೀಲಗಳನ್ನು ತೊಟ್ಟು, ಕಣ್ಣುಮುಚ್ಚಿ, ಪೀಠದ ಮೇಲೆ ಒರಗಿ ಕುಳಿತಿರುವ ಭಂಗಿಯನ್ನೂ, ಅಮೆರಿಕದ ಅಧ್ಯಕ್ಷ ವಿಲ್ಸನ್ನರು ಧರ್ಮೋಪದೇಶಕನ ಮನೋಧರ್ಮದಿಂದ ಬಂದು ಚತುರರ ನಡುವೆ ಸಿಕ್ಕಿ ತತ್ತರಿಸಿದ ಬಗೆಯನ್ನೂ ಗ್ರಂಥಕರ್ತರು ಶಿಲ್ಪಿಯ ಉಳಿಯಿಂದ ಕಡೆದಂತೆ ಕಡೆದಿರುವರು. ತಮ್ಮ ಪ್ರಧಾನಿಯಾದ ಲಾಯ್ಡ್ ಜಾರ್ಜರ ಮೇಲೆ ಬರೆದ ಭಾಗವನ್ನು ಮಾತ್ರ ಆಗ ಅಚ್ಚಿಗೆ ಕೊಡದೆ ಹಿಂದಕ್ಕಿಟ್ಟುಕೊಂಡು 1933ರಲ್ಲಿ ಬೇರೊಂದು ಗ್ರಂಥದಲ್ಲಿ ಸೇರಿಸಿದರು. ಪರದೇಶದ ಮುಖಂಡರನ್ನು ಒಡನೆಯೇ ಕೆಣಕಿ, ಸ್ವದೇಶದವರಿಗೆ ಹದಿನಾಲ್ಕು ವರ್ಷಗಳ ಬಿಡುವು ಕೊಟ್ಟ ಈ ದಾಕ್ಷಿಣ್ಯವನ್ನು ವಾಚಕರು ಗಮನಿಸಬಹುದು. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಈ ಅಧ್ಯಾಯದ ಅಂಗಿರಸವು ಹಾಸ್ಯ. ಆದರೆ ಕೋಟ್ಯಂತರ ಜನರ ಅನ್ನವನ್ನು ಕುರಿತ ಕೃತಿಗೆ ಒಪ್ಪುವ ರಸವು ಕರುಣ. ಹಾಸ್ಯವು ಮುಂದಾದುದರಿಂದ ಅನೇಕರು ಮೂರನೆಯ ಅಧ್ಯಾಯವನ್ನು ಓದಿ ನಕ್ಕು, ಗ್ರಂಥದ ಪ್ರಾಣವಾದ ಐದನೆಯದನ್ನು ತಿರುವಿಹಾಕಿಬಿಟ್ಟರು. ಇದನ್ನು ಓದುಗರ ತಪ್ಪೆಂದು ಮಾತ್ರ ಹೇಳಲಾಗದು.

ಐದನೆಯ ಅಧ್ಯಾಯದ ವಿಷಯವು ಯುದ್ಧದಂಡ. 1918ರ ನವೆಂಬರಿನಲ್ಲಿ ಜರ್ಮನಿಯು ಶಸ್ತ್ರವನ್ನು ಕೆಳಗಿಟ್ಟಾಗ ವಿಜಯಿಗಳು ಒಪ್ಪಿದ್ದ ಮಾತು ಸ್ಪಷ್ಟವಾಗಿತ್ತು: ನಾಗರಿಕ ಪ್ರಜೆಗಳಿಗೂ ಅವರ ಸ್ವತ್ತಿಗೂ ಆದ ನಷ್ಟವನ್ನು ಜರ್ಮನಿಯು ತುಂಬಿಕೊಡತಕ್ಕದ್ದು. ಮಾತು ಇಷ್ಟಿದ್ದರೂ ಇಂಗ್ಲೆಂಡಿನ ಚುನಾವಣೆಯ ಕಾವಿನಲ್ಲಿ ಬೇಡಿಕೆಯು ಬೆಳೆಯುತ್ತ ಹೋಯಿತು. ಸರ್ಕಾರವು ನೇಮಿಸಿದ ಸಮಿತಿಯೊಂದು ಯುದ್ಧದ ಸಮಸ್ತ ವೆಚ್ಚವೆಂದು 2,400 ಕೋಟಿ ಪೌಂಡುಗಳನ್ನು ಸೂಚಿಸಿತು. ಪ್ಯಾರಿಸ್ಸಿನಲ್ಲಿ ಅಷ್ಟು ದೂರ ಹೋಗಲಾಗದೆ, ಸೈನಿಕರ ವಿಶ್ರಾಂತಿವೇತನಗಳನ್ನೂ ಅವರ ಕುಟುಂಬಗಳಿಗೆ ಕೊಟ್ಟ ಭತ್ಯಗಳನ್ನೂ ನಾಗರಿಕ ನಷ್ಟದ ಲೆಕ್ಕಕ್ಕೆ ಸೇರಿಸಿದರು. ಸಿಪಾಯಿಯ ಹೆಂಡತಿಯು ನಾಗರಿಕಳಲ್ಲವೇ ಎಂಬುದು ಅವರ ತರ್ಕ. ಕೇನ್ಸರ ಕೋಪವೆಲ್ಲ ಇಲ್ಲಿ ಉರಿದಿದೆ. ನಿಜವಾದ ನಷ್ಟವು 200 ಕೋಟಿ ಪೌಂಡಿಗೆ ಸ್ವಲ್ಪ ಮಿಗಿಲು. ಕೇಳಬಹುದಾದ ಮೊತ್ತವು ಹೆಚ್ಚೆಂದರೆ 300 ಕೋಟಿ. ಅದರ ಮೇಲೆ ವಿಶ್ರಾಂತಿವೇತನದ ಬಾಬತ್ತು ಒಂದೇ 500 ಕೋಟಿ. ಎಂದರೆ ಮನೆಗಿಂತ ಜಗಲಿಯೇ ದೊಡ್ಡದು. ಜರ್ಮನಿಯು ಕೊಡಬಲ್ಲುದೋ ಎಲ್ಲ ಸೇರಿ 200 ಕೋಟಿ. ಕಲ್ಲಿದ್ದಲ ಗಣಿಗಳನ್ನೂ ಹಡಗುಗಳನ್ನೂ ವಸಾಹತುಗಳನ್ನೂ ಕಿತ್ತುಕೊಂಡು, ಮಾಲು ಮಾರಿ ತಾನೇ ಹಣ ಗಳಿಸಬೇಕಾದವನ ತಕ್ಕಡಿಯನ್ನೇ ಒಯ್ದಮೇಲೆ, ಸಾಲವನ್ನು ತೀರಿಸೆಂದು ಬಾಗಿಲಲ್ಲಿ ಕುಳಿತರೆ ಏನು ಫಲ?

ಈ ಪ್ರಶ್ನೆಯು ಹೊಸದಲ್ಲ. ಕೇನ್ಸರ ಗ್ರಂಥಕ್ಕೆ ಹತ್ತು ವರ್ಷಗಳ ಹಿಂದೆ, 1909ರಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೊಟ್ಟಮೊದಲು ಅಚ್ಚುಹಾಕಿಸಿದರು. 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದವೂ ಹೊರಬಂದಿತು. ಆ ಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಸೋತ ರಾಜನು ಕೋಶವನ್ನು ಕೊಟ್ಟು ಮಾಡಿಕೊಳ್ಳುವ ಸಂಧಿಗಳನ್ನು ವಿಂಗಡಿಸಿದೆ. ಹಣವನ್ನು ಕೊಟ್ಟು ಉಳಿದ ರಾಜ್ಯಾಂಗಗಳನ್ನು ಬಿಡಿಸಿಕೊಳ್ಳುವುದು ಪರಿಕ್ರಯ. ಹೊರಲಾಗುವಷ್ಟನ್ನೇ ಕಂತುಗಳಾಗಿ ಸಲ್ಲಿಸುವುದು ಉಪಗ್ರಹ. ಮುಂದೆ ಸಲ್ಲಿಸಲು ಸಹ್ಯವಾಗಿದ್ದು, ಇಬ್ಬರಲ್ಲಿಯೂ ವಿಶ್ವಾಸವನ್ನು ಬೆಳೆಸಿ ಬೆಸುಗೆಹಾಕುವುದು ಸುವರ್ಣಸಂಧಿ. ಇದಕ್ಕೆ ವಿಪರೀತವಾಗಿ, ಅತಿಯಾಗಿ ಸೆಳೆದುಕೊಳ್ಳುವುದು ಕಪಾಲಸಂಧಿ. ಕಾದ ಚಿನ್ನವು ಚಿನ್ನಕ್ಕೆ ಬೆಸೆದುಕೊಳ್ಳುವುದು, ಒಡೆದ ಮಡಕೆಯ ಚೂರುಗಳು ಕೂಡಿಕೊಳ್ಳಲಾರವು ಎಂಬ ಧ್ವನಿಯು ಹೆಸರುಗಳಲ್ಲೇ ಇದೆ. ಕಪಾಲಸಂಧಿಗೆ ಒಳಗಾದವನು ಏನು ಮಾಡಬೇಕೆಂಬುದಕ್ಕೂ ಅಲ್ಲಿ ಉತ್ತರವುಂಟು: ಕಾಲಹರಣ ಮಾಡತಕ್ಕದ್ದು. ಕೌಟಿಲ್ಯನನ್ನು ಶಾಂತಿದೂತನೆಂದು ಭ್ರಮಿಸಬೇಕಾದುದಿಲ್ಲ. ದಂಡವಾಗಿ ಒಪ್ಪಿಸುವ ಆನೆಕುದುರೆಗಳಿಗೆ ವಿಷವಿಕ್ಕಿ ಒಪ್ಪಿಸಬಹುದೆಂದು ಅದೇ ಪ್ರಕರಣದಲ್ಲಿ ಹೇಳುವವನು ಅವನು. ದಯೆಯಿಂದಲ್ಲ, ಲೆಕ್ಕಾಚಾರದಿಂದಲೇ ಅವನು ಸಹ್ಯವಾದ ದಂಡವನ್ನು ಮೇಲೆಂದು ಕಂಡನೆಂಬುದು ಗಮನಾರ್ಹ.

ಕೇನ್ಸರು ಏಳನೆಯ ಅಧ್ಯಾಯದಲ್ಲಿ ಸೂಚಿಸಿದ ಪರಿಹಾರವು ಅಕ್ಷರಶಃ ಸುವರ್ಣಸಂಧಿ. ದಂಡವನ್ನು 200 ಕೋಟಿ ಪೌಂಡಿಗೆ ನಿಲ್ಲಿಸಿ, ಅದರಲ್ಲಿ ಆಗಲೇ ಒಪ್ಪಿಸಿದ ಹಡಗು ಮೊದಲಾದುವುಗಳಿಗೆ 50 ಕೋಟಿಯನ್ನು ಕಳೆದು, ಉಳಿದ 150 ಕೋಟಿಯನ್ನು 1923ರಿಂದ ವರ್ಷಕ್ಕೆ 5 ಕೋಟಿಯಂತೆ ಮೂವತ್ತು ಕಂತುಗಳಲ್ಲಿ ಬಡ್ಡಿಯಿಲ್ಲದೆ ಸಲ್ಲಿಸತಕ್ಕದ್ದು. ಮಿತ್ರರಾಷ್ಟ್ರಗಳು ತಮ್ಮತಮ್ಮೊಳಗೆ ಮಾಡಿಕೊಂಡ, ಸುಮಾರು 400 ಕೋಟಿ ಪೌಂಡುಗಳಷ್ಟಿದ್ದ ಯುದ್ಧಸಾಲಗಳನ್ನು ಒಟ್ಟಿಗೆ ರದ್ದುಮಾಡತಕ್ಕದ್ದು. ಈ ಎರಡನೆಯ ಸೂಚನೆಯೇ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ. ಫ್ರಾನ್ಸು ಇಂಗ್ಲೆಂಡಿಗೆ ಸಾಲಗಾರ, ಇಂಗ್ಲೆಂಡು ಅಮೆರಿಕಕ್ಕೆ ಸಾಲಗಾರ. ಮೇಲಿನವನು ಬಿಗಿಹಿಡಿದರೆ ಕೆಳಗಿನವನು ಜರ್ಮನಿಯ ಕತ್ತನ್ನು ಬಿಗಿಹಿಡಿಯದೆ ಬೇರೆ ದಾರಿಯೇನು?

ಮುಂದೆ ನಡೆದುದು ಸುಪ್ರಸಿದ್ಧ. 1921ರ ಮೇ ತಿಂಗಳಲ್ಲಿ ದಂಡವು 13,200 ಕೋಟಿ ಚಿನ್ನದ ಮಾರ್ಕುಗಳೆಂದು ನಿಷ್ಕರ್ಷೆಯಾಯಿತು. ಕಂತುಗಳು ತಪ್ಪಿದುವು, 1923ರ ಜನವರಿಯಲ್ಲಿ ಫ್ರೆಂಚರೂ ಬೆಲ್ಜಿಯನರೂ ರೂರ್ ಪ್ರಾಂತವನ್ನು ಆಕ್ರಮಿಸಿದರು, ಆ ನವೆಂಬರಿನಲ್ಲಿ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಕಾಗದದ ಮಾರ್ಕುಗಳನ್ನು ಎಣಿಸಬೇಕಾಯಿತು. 1924ರ ಡಾಸ್ ಯೋಜನೆ, 1929ರ ಯಂಗ್ ಯೋಜನೆ, 1931ರ ಹೂವರರ ತಡೆ ಇವುಗಳೆಲ್ಲ ಮುಗಿದು, 1932ರಲ್ಲಿ ಲೋಸಾನಿನಲ್ಲಿ ದಂಡದ ಕಥೆಯೇ ಕೈಬಿಟ್ಟುಹೋಯಿತು. ಆ ಯೋಜನೆಗಳಿಗಾಗಿ ಎತ್ತಿದ ಸಾಲಪತ್ರಗಳ ಕೊನೆಯ ಬಡ್ಡಿಯನ್ನು ಜರ್ಮನಿಯು ಸಲ್ಲಿಸಿದುದು 2010ರ ಅಕ್ಟೋಬರಿನಲ್ಲಿ. ಮೊಮ್ಮಕ್ಕಳ ಮಕ್ಕಳು ತೀರಿಸಿದ ಸಾಲವದು.

ಇಷ್ಟರಿಂದ ಕೇನ್ಸರು ಹೇಳಿದುದೆಲ್ಲ ನಿಜವಾಯಿತೆಂದು ತೀರ್ಮಾನಿಸುವುದು ಆತುರ. ಅವರಿಗೆ ಪ್ರತಿವಾದಿಯಾಗಿ ನಿಂತವರು ಎಟಿಯೆನ್ ಮಾಂಟೂ ಎಂಬ ಫ್ರೆಂಚ್ ಯುವಕರು. ಅವರ ತಂದೆ ಪ್ಯಾರಿಸ್ ಸಭೆಯಲ್ಲಿ ದುಭಾಷಿಗಳಾಗಿದ್ದವರು; ಮಗನು ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1945ರ ಏಪ್ರಿಲಿನಲ್ಲಿ, ರಣರಂಗದಲ್ಲಿ ಮಡಿದನು; ಅವನ ಗ್ರಂಥವು ಮರುವರ್ಷ ಅಚ್ಚಾಯಿತು. ದಂಡವನ್ನು ತೆರಲು ಶಕ್ತಿಯಿಲ್ಲವೆಂದ ಜರ್ಮನಿಯು ಹಿಟ್ಲರನ ಕಾಲದಲ್ಲಿ ಪ್ರತಿವರ್ಷವೂ ಅದರ ಹಲವು ಮಡಿ ಹಣವನ್ನು ಶಸ್ತ್ರಾಸ್ತ್ರಗಳಿಗೆ ಸುರಿಯಿತಲ್ಲ, ಆ ಶಕ್ತಿಯು ಎಲ್ಲಿಂದ ಬಂದಿತು ಎಂಬುದು ಅವನ ಪ್ರಶ್ನೆ. ಯೂರೋಪಿನ ಕಬ್ಬಿಣದ ಉತ್ಪತ್ತಿಯು ಕುಗ್ಗುವುದೆಂದು ಕೇನ್ಸರು ನುಡಿದ ಭವಿಷ್ಯವೂ 1929ರ ಹೊತ್ತಿಗೆ ಸುಳ್ಳಾಗಿದ್ದಿತು. ಈ ಆಕ್ಷೇಪಣೆಗೆ ತೂಕವುಂಟು. ಸ್ವದೇಶದಲ್ಲಿ ಮಾರ್ಕುಗಳನ್ನು ಕೂಡಿಸುವುದು ಬೇರೆ, ಅವುಗಳನ್ನು ಪರದೇಶದ ಹಣವಾಗಿ ಮಾರ್ಪಡಿಸಿ ಕಳುಹುವುದು ಬೇರೆ ಎಂದು ಕೇನ್ಸರ ಪಕ್ಷದವರು ಸಮಾಧಾನ ಹೇಳುವರು. ಅದು ಅರ್ಧ ಉತ್ತರ ಮಾತ್ರ. 1921ರ 13,200 ಕೋಟಿಯಲ್ಲಿ 8,200 ಕೋಟಿಯು ಕೇವಲ ತೋರಿಕೆಯ ಸಾಲಪತ್ರಗಳಾಗಿದ್ದು, ವಸೂಲಿಯ ಉದ್ದೇಶವಿದ್ದುದು 5,000 ಕೋಟಿ ಮಾರ್ಕುಗಳಿಗೆ ಮಾತ್ರ. ಪೌಂಡಿಗೆ ಇಪ್ಪತ್ತು ಚಿನ್ನದ ಮಾರ್ಕಿನಂತೆ ಎಣಿಸಿದರೆ ಅದು 250 ಕೋಟಿ ಪೌಂಡು. ಕೇನ್ಸರ 200 ಕೋಟಿಗೆ ಬಹುದೂರವೇನಲ್ಲ. ಹಾಗಾದರೆ ಕೆಡಿಸಿದುದು ಮೊತ್ತಕ್ಕಿಂತ ಹೆಚ್ಚಾಗಿ ವಿಶ್ವಾಸದ ಅಭಾವ. ಸಂಧಿಯು ಕಪಾಲವೆಂದು ಕೊಡುವವನಿಗೆ ಮನವರಿಕೆಯಾದಮೇಲೆ ಅದು ಕಪಾಲವೇ ಆಗುವುದು. ಆ ಮನವರಿಕೆಯನ್ನು ಲೋಕದಲ್ಲೆಲ್ಲ ಹರಡಿದ ಸಾಧನಗಳಲ್ಲಿ ಕೇನ್ಸರ ಗ್ರಂಥವೂ ಒಂದು. ಜರ್ಮನ್ ಸರ್ಕಾರವು ಯುದ್ಧವೆಚ್ಚವನ್ನು ತೆರಿಗೆಯಿಂದ ಎತ್ತದೆ, ಗೆದ್ದಮೇಲೆ ಸೋತವರ ತಲೆಯ ಮೇಲೆ ಹೊರಿಸಬಹುದೆಂಬ ಎಣಿಕೆಯಿಂದ ಬಹುಮಟ್ಟಿಗೆ ಸಾಲದಲ್ಲೇ ನಡೆಸಿತೆಂಬ ಸಂಗತಿಗೆ ಗ್ರಂಥದಲ್ಲಿ ಸಿಕ್ಕಬೇಕಾದ ಸ್ಥಳವು ಸಿಕ್ಕಿಲ್ಲ.

ಇನ್ನೊಂದು ನ್ಯೂನತೆಯಿದೆ, ಭಾರತೀಯ ವಾಚಕರಿಗೆ ಮುಖ್ಯವಾದುದು ಅದೇ. ಕೇನ್ಸರು ಉದ್ಯೋಗವನ್ನು ಆರಂಭಿಸಿದುದು ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ. ಅವರ ಪ್ರಥಮ ಗ್ರಂಥವು, 1913ರದು, ಭಾರತದ ನಾಣ್ಯವ್ಯವಸ್ಥೆಯನ್ನು ಕುರಿತುದು. 1914ರಲ್ಲಿ ಮೈಸೂರಿನ ಮಹಾರಾಜರು ಯುದ್ಧವೆಚ್ಚಕ್ಕೆಂದು 50 ಲಕ್ಷ ರೂಪಾಯಿಗಳನ್ನು ಒಪ್ಪಿಸಿದರು. 1917ರಲ್ಲಿ ಭಾರತ ಸರ್ಕಾರವು 10 ಕೋಟಿ ಪೌಂಡುಗಳನ್ನು ಬ್ರಿಟನ್ನಿಗೆ ಕಾಣಿಕೆಯಾಗಿ ಸಲ್ಲಿಸಿ, ಅದಕ್ಕಾಗಿ ಸಾಲವೆತ್ತಿ ಸುಂಕವನ್ನು ಏರಿಸಿತು. ಇದೆಲ್ಲವನ್ನೂ ಬಲ್ಲ ಲೇಖಕರು ಯುದ್ಧದ ಹೊರೆಯನ್ನು ಯಾರು ಹೊತ್ತರೆಂದು ವಿಚಾರಿಸುವ ಗ್ರಂಥದಲ್ಲಿ ಭಾರತಕ್ಕೆಂದು ಒಂದು ಅಧ್ಯಾಯವನ್ನೂ ಮೀಸಲಿಡಲಿಲ್ಲ. ಯೂರೋಪಿನ ಹಸಿವು ಕಂಡ ಕಣ್ಣಿಗೆ ಸೂಯೆಜಿನ ಆಚೆಯದು ಮಸುಕಾಗಿದ್ದಿತು.

ಎರಡನೆಯ ಯುದ್ಧದಲ್ಲಿ ಈ ಮಸುಕು ಇನ್ನೂ ದಟ್ಟವಾಯಿತು. 1940ರಲ್ಲಿ ಯುದ್ಧವೆಚ್ಚವನ್ನು ತೆರುವ ಬಗೆಯನ್ನು ಕುರಿತು ಕೇನ್ಸರು ಬರೆದ ಕಿರುಹೊತ್ತಗೆಯು, ಬೆಲೆಯೇರಿಕೆಯಿಂದ ಬಡವನನ್ನು ಸುಲಿಯುವುದು ಅನ್ಯಾಯ, ಕೂಲಿಯ ಒಂದು ಭಾಗವನ್ನು ಅವನ ಹೆಸರಿನಲ್ಲೇ ಕೂಡಿಟ್ಟು ಯುದ್ಧಾನಂತರ ಹಿಂದಿರುಗಿಸತಕ್ಕದ್ದು ಎಂದು ಸಾರಿತು. ಇಂಗ್ಲಿಷ್ ಕೂಲಿಗಾರನಿಗೆ ಹೇಳಿದ ನ್ಯಾಯವದು. ಭಾರತದಲ್ಲಿ ಬ್ರಿಟನ್ ಕೊಂಡ ಸರಕಿಗೂ ಸೈನ್ಯದ ವೆಚ್ಚಕ್ಕೂ ಲಂಡನ್ನಿನಲ್ಲಿ ಸ್ಟರ್ಲಿಂಗ್ ಪತ್ರಗಳು ಜಮೆಯಾದುವು; ಅವುಗಳ ಆಧಾರದ ಮೇಲೆ ಇಲ್ಲಿ ನೋಟುಗಳು ಅಚ್ಚಾದುವು. 1939ರಿಂದ 1945ರೊಳಗೆ ನೋಟಿನ ಚಲಾವಣೆಯು ಹಲವು ಪಟ್ಟು ಬೆಳೆಯಿತು; ಧಾನ್ಯದ ಬೆಲೆ ಏರಿತು; 1943ರಲ್ಲಿ ಬಂಗಾಳದಲ್ಲಿ ಲಕ್ಷೋಪಲಕ್ಷ ಜನರು ಅನ್ನವಿಲ್ಲದೆ ಸತ್ತರು. ಯುದ್ಧವು ಮುಗಿಯುವ ವೇಳೆಗೆ ಭಾರತವು ಉತ್ತಮರ್ಣ, ಬ್ರಿಟನ್ ಅಧಮರ್ಣ; ಬಾಕಿಯು ಸುಮಾರು 130 ಕೋಟಿ ಪೌಂಡು. 1944ರಲ್ಲಿ ಬ್ರೆಟನ್ ವುಡ್ಸಿನಲ್ಲಿ ಭಾರತದ ಪ್ರತಿನಿಧಿಗಳು ಇದನ್ನು ಪ್ರಸ್ತಾಪಿಸಿದಾಗ, ಗೌರವದಿಂದ ಕೊಟ್ಟುದನ್ನು ಗೌರವದಿಂದಲೇ ತೀರಿಸುವೆವೆಂಬ ಅರ್ಥದ ಭರವಸೆಯನ್ನು ಕೇನ್ಸರು ಕೊಟ್ಟರು. 1945ರ ಡಿಸೆಂಬರಿನಲ್ಲಿ ಅಮೆರಿಕದಿಂದ 375 ಕೋಟಿ ಡಾಲರುಗಳ ಸಾಲಕ್ಕೆ ಅವರ ಮುಂದಾಳುತನದಲ್ಲಿ ಆದ ಒಪ್ಪಂದದಲ್ಲಿ, ಈ ಬಗೆಯ ಬಾಕಿಗಳನ್ನು ಮೂರು ಪಾಲು ಮಾಡಿ, ಒಂದನ್ನು ಒಡನೆ ಬಿಡುವುದು, ಒಂದನ್ನು ಮೆಲ್ಲನೆ ಬಿಡುವುದು, ಮತ್ತೊಂದನ್ನು ಸರಿಹೊಂದಿಸುವುದು, ಎಂದರೆ ವಜಾಮಾಡುವುದು, ಎಂಬ ಮಾತು ಸೇರಿತ್ತು. ಯುದ್ಧಸಾಲವನ್ನು ಬಿಟ್ಟುಕೊಡುವುದೇ ಧರ್ಮವೆಂಬ 1919ರ ತತ್ತ್ವಕ್ಕೆ ಅವರು ತಪ್ಪಿದರೆಂದು ಇದರಿಂದ ಹೇಳಲಾಗದು. ಆದರೆ ಅಂದು ಆ ತತ್ತ್ವವು ಐಶ್ವರ್ಯವಂತವಾದ ಅಮೆರಿಕವನ್ನು ಕೇಳಿತ್ತು, ಈಗ ಕ್ಷಾಮದಿಂದ ಎದ್ದ ಭಾರತವನ್ನು ಕೇಳಿತು.

ವಜಾ ನಡೆಯಲಿಲ್ಲ. 1946ರ ಏಪ್ರಿಲಿನಲ್ಲಿ ಕೇನ್ಸರು ತೀರಿಕೊಂಡರು. 1948ರ ಜುಲೈ ತಿಂಗಳಿನ ಒಪ್ಪಂದದಲ್ಲಿ ಸ್ವತಂತ್ರ ಭಾರತವು ಆ ಬಾಕಿಯಿಂದ ಸುಮಾರು 10 ಕೋಟಿ ಪೌಂಡುಗಳನ್ನು ಬ್ರಿಟಿಷರು ಬಿಟ್ಟುಹೋದ ಸೈನ್ಯದ ಸಾಮಗ್ರಿಗಳಿಗೆ ಕಳೆದುಕೊಂಡಿತು. ಮತ್ತೆ ಸುಮಾರು 16 ಕೋಟಿ 80 ಲಕ್ಷ ಪೌಂಡುಗಳು ಭಾರತದಲ್ಲಿ ಸೇವೆಮಾಡಿ ನಿವೃತ್ತರಾದ ಆಂಗ್ಲೇಯ ಅಧಿಕಾರಿಗಳು ಮೊದಲಾದವರ ವಿಶ್ರಾಂತಿವೇತನಕ್ಕೆ ಸಂದುವು.