ಅಮೂರ್ತ ಚಿತ್ರದಲ್ಲಿ ವರ್ಣದ ಕಾರ್ಯ

ಭರತನ ನಾಟ್ಯಶಾಸ್ತ್ರವು ಶೃಂಗಾರಕ್ಕೆ ಶ್ಯಾಮವರ್ಣವನ್ನೂ ಹಾಸ್ಯಕ್ಕೆ ಬಿಳುಪನ್ನೂ ರೌದ್ರಕ್ಕೆ ಕೆಂಪನ್ನೂ ಹೇಳಿದೆ. 1911ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಕಾಂಡಿನ್‌ಸ್ಕಿಯು ಹಳದಿ ನೋಡುವವನತ್ತ ನುಗ್ಗಿಬರುತ್ತದೆಂದೂ ನೀಲಿ ಅವನಿಂದ ಹಿಂದೆ ಸರಿಯುತ್ತದೆಂದೂ ಬರೆದನು. ಇವೆರಡನ್ನೂ ಓದಿದ ವಿದ್ಯಾರ್ಥಿಯು ಒಂದೊಂದು ವರ್ಣಕ್ಕೂ ಒಂದೊಂದು ಭಾವ ನಿಯತವಾಗಿದೆಯೆಂದೂ, ಅಂಥದೊಂದು ನಿಘಂಟು ಕೈಯಲ್ಲಿದ್ದರೆ ಅಮೂರ್ತ ಚಿತ್ರವು ಅರ್ಥವಾಗುವುದೆಂದೂ ಬಗೆಯುವುದು ಸಹಜ. ನಾವು ಇದನ್ನು ಒಪ್ಪಲಾರೆವು. ನಾಟ್ಯದಲ್ಲಿ ವರ್ಣವು ಒಂಟಿಯಲ್ಲ. ಅದರ ಬೆನ್ನಿಗೆ ವಿಭಾವಾನುಭಾವಗಳಿವೆ. ಅಮೂರ್ತ ಚಿತ್ರದಲ್ಲಿ ಕಥೆಯಿಲ್ಲ, ಪಾತ್ರವಿಲ್ಲ. ಅಲ್ಲಿ ವರ್ಣವು ಭಾವದ ಕುರುಹಾದರೆ ಸಾಲದು. ಭಾವಕ್ಕೆ ಕಾರಣವೇ ಆಗಬೇಕು. (ಆಕೃತಿಯೊಡನೆ ವರ್ಣದ ಗುಣವೂ ಮಾರ್ಪಡುವುದನ್ನು ಕಾಂಡಿನ್‌ಸ್ಕಿ ಬಲ್ಲನು, ಅವನನ್ನು ಉದ್ಧರಿಸುವವರು ಮಾತ್ರ ಆ ಮಾತನ್ನು ಬಿಟ್ಟುಬಿಡುವುದುಂಟು.)

ಇದಕ್ಕೆ ಒಂದು ವಿಷಾದಕರ ನಿದರ್ಶನವಿದೆ. ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೊ ರಚಿಸಿದ ಐದು ಬೃಹತ್ ಪಟಗಳನ್ನು 1964ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಭೋಜನಶಾಲೆಯಲ್ಲಿ ತೂಗುಹಾಕಿದರು. ಗಾಢವಾದ ಕೆನ್ನೀಲಿ ನೆಲ. ಅದರ ಮೇಲೆ ದ್ವಾರಗಳನ್ನು ನೆನಪಿಗೆ ತರುವ ಆಕೃತಿಗಳು. ನೆಲಕ್ಕೆ ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು ಬೆಳಕನ್ನು ತಾಳುವಂಥದಲ್ಲ. ದೊಡ್ಡ ಕಿಟಕಿಗಳಿಂದ ಬಿದ್ದ ಬಿಸಿಲಿಗೆ ಅದು ಮಾಸಿತು. ಅದೂ ಎಲ್ಲೆಡೆ ಸಮನಾಗಿ ಅಲ್ಲ. 1979ರಲ್ಲಿ ಪಟಗಳು ಉಗ್ರಾಣ ಸೇರಿದವು.

ಇಲ್ಲಿ ಏನು ಕಳೆಯಿತೆಂಬುದನ್ನು ವಿವೇಚಿಸಬೇಕು. ದ್ವಾರಾಕೃತಿಗಳು ಇದ್ದಲ್ಲಿಯೇ ಇದ್ದವು; ಅಳತೆಯೂ ಕೆಡಲಿಲ್ಲ. ಕೆಂಪು ಇಳಿದಂತೆ ನೆಲಕ್ಕೂ ಆಕೃತಿಗೂ ಇದ್ದ ಬಿಗಿ ಸಡಿಲಿತು, ಪಟಕ್ಕೂ ಪಟಕ್ಕೂ ಇದ್ದ ಸಂವಾದ ಮುರಿಯಿತು. ವರ್ಣವು ರೇಖೆಯ ಮೇಲಣ ಅಲಂಕಾರವಾಗಿದ್ದಲ್ಲಿ ಹೀಗಾಗುತ್ತಿರಲಿಲ್ಲ. ಇಲ್ಲಿ ವರ್ಣವೇ ಕಟ್ಟಡ. ತನಗೆ ವರ್ಣಸಂಬಂಧಗಳಲ್ಲಿ ಆಸಕ್ತಿಯಿಲ್ಲ, ಮಾನವನ ಮೂಲಭಾವಗಳನ್ನು ಹೇಳುವುದೊಂದೇ ಗುರಿ ಎಂದು ರಾತ್ಕೊ ವಾದಿಸುತ್ತಿದ್ದನು. ಅವನ ಗುರಿಯನ್ನು ನಾವು ಗೌರವಿಸುತ್ತೇವೆ. ಆದರೆ ಆ ಗುರಿಗೆ ಅವನಿಗಿದ್ದ ದಾರಿ ವರ್ಣಸಂಬಂಧವೇ ಎಂದು ಮಾಸಿದ ಪಟಗಳು ಸಾಕ್ಷ್ಯ ನುಡಿಯುತ್ತವೆ.

2014ರಲ್ಲಿ ಹಾರ್ವರ್ಡಿನ ಕಲಾಸಂಗ್ರಹಾಲಯವು ಪಟಗಳಿಗೆ ಕುಂಚ ಸೋಕಿಸದೆ, ಕಳೆದುಹೋದ ವರ್ಣವನ್ನು ಬಿಂದುಬಿಂದುವಾಗಿ ಲೆಕ್ಕಹಾಕಿ, ಪ್ರೊಜೆಕ್ಟರಿನ ಬೆಳಕಾಗಿ ಅವುಗಳ ಮೇಲೆ ಬೀರಿತು. ಕೃತಿಗೆ ಅಪಚಾರವಾಗದ ಈ ಉಪಾಯ ಶ್ಲಾಘ್ಯ. ಆದರೂ ನಮಗೊಂದು ಶಂಕೆಯುಳಿಯುತ್ತದೆ. ತೆಳುವಾದ ಲೇಪಗಳನ್ನು ಒಂದರ ಮೇಲೊಂದು ಹರಡಿ, ವರ್ಣವು ಒಳಗಿನಿಂದ ಹೊಮ್ಮುವಂತೆ ಮಾಡುವುದು ರಾತ್ಕೊವಿನ ಕೌಶಲ. ಹೊರಗಿನಿಂದ ಬಿದ್ದ ವರ್ಣವು ಛಾಯೆಯಲ್ಲಿ ಸರಿಹೊಂದೀತು. ಆ ಆಳವನ್ನು ಅದು ಕೊಡಬಲ್ಲುದೆ? ಪುಸ್ತಕದ ಅಂಗೈಯಗಲದ ಪ್ರತಿಗಳಿಂದಲೇ ಈ ಚಿತ್ರಗಳನ್ನು ಬೋಧಿಸುವ ನಾವು ಈ ಪ್ರಶ್ನೆಯನ್ನು ನಮಗೂ ಹಾಕಿಕೊಳ್ಳಬೇಕು.

ಪ್ರದರ್ಶನದಲ್ಲಿ ದಿನವೂ ಸಂಜೆ 4 ಗಂಟೆಗೆ ಆ ಬೆಳಕನ್ನು ಆರಿಸುತ್ತಿದ್ದರು. ಪ್ರೇಕ್ಷಕರ ಕಣ್ಣೆದುರಿಗೇ ಕೆಂಪು ಹಿಂಗಿ, ಮಾಸಿದ ಪಟಗಳು ಉಳಿಯುತ್ತಿದ್ದವು.